ಪರಮಾಣು ಯಾಕೆ ಕುಸಿಯುವುದಿಲ್ಲ? ಮನೆಯಲ್ಲೇ ಮಾಡಿ ನೋಡುತ್ತಾ ಕ್ವಾಂಟಂ ಕಲಿಯುವ ದಾರಿ

ಕ್ವಾಂಟಂ ಭೌತಶಾಸ್ತ್ರ, ಅಂದರೆ ಪರಮಾಣು ಮತ್ತು ಅದಕ್ಕಿಂತ ಚಿಕ್ಕ ಲೋಕದ ನಿಯಮಗಳನ್ನು, ಕಲಿಯಲು ಹೊರಟವರು ಹೆಚ್ಚಾಗಿ ಬೆಕ್ಕಿನಿಂದ ಶುರು ಮಾಡುತ್ತಾರೆ. ಸತ್ತೂ ಇರುವ, ಬದುಕಿಯೂ ಇರುವ, ವಿಜ್ಞಾನಿ ಶ್ರೋಡಿಂಗರ್ ಕಲ್ಪಿಸಿದ ಬೆಕ್ಕು. ನಾನೂ ಅಲ್ಲಿಂದಲೇ ಶುರು ಮಾಡಿದ್ದೆ. ಬಹಳ ದಿನ "ಎಲೆಕ್ಟ್ರಾನ್ ಕಣವೂ ಹೌದು, ತರಂಗವೂ ಹೌದು" ಎಂದು ಗಿಳಿಪಾಠ ಒಪ್ಪಿಸುತ್ತಿದ್ದೆ. ಯಾರಾದರೂ "ಹಾಗಂದ್ರೆ ಏನು?" ಎಂದು ಕೇಳಿದರೆ ಬಾಯಿ ಕಟ್ಟುತ್ತಿತ್ತು.

ದಾರಿ ಸಿಕ್ಕಿದ್ದು ಬೇರೊಂದು ಪ್ರಶ್ನೆಯಿಂದ. ನೀವು ಈಗ ಕುರ್ಚಿಯ ಮೇಲೆ ಕೂತಿದ್ದೀರಿ. ಕುರ್ಚಿಯ ಒಳಗೆ ಬಹುಪಾಲು ಖಾಲಿ ಜಾಗ. ನಿಮ್ಮ ಒಳಗೂ ಅಷ್ಟೇ. ಹಾಗಿದ್ದರೆ ನೀವು ಅದರೊಳಗೆ ಇಳಿದುಹೋಗುವುದಿಲ್ಲ ಯಾಕೆ? ಅದಿರಲಿ, ಕುರ್ಚಿಯ ಪರಮಾಣುಗಳೇ ತಮ್ಮೊಳಗೆ ಕುಸಿದು ಚುಕ್ಕಿಯಾಗುವುದಿಲ್ಲ ಯಾಕೆ? ಈ ಒಂದು ಪ್ರಶ್ನೆಯ ಬಾಲ ಹಿಡಿದರೆ ಬಲಗಳು, ಪರಮಾಣು, ಕ್ವಾಂಟಂ ಎಲ್ಲವೂ ಒಂದರ ಹಿಂದೆ ಒಂದು ಬರುತ್ತವೆ. ಇಲ್ಲಿರುವ ಹೆಜ್ಜೆಗಳನ್ನು ಇದೇ ಕ್ರಮದಲ್ಲಿ ಮಾಡಿ. ದಿನಕ್ಕೆ ಒಂದೆರಡು ಸಾಕು.

ಸಾಮಾನು ಜಾಸ್ತಿ ಬೇಡ. ಒಂದು ಅಯಸ್ಕಾಂತ, ಗುಂಡುಸೂಜಿ, ಅಂಟುಪಟ್ಟಿ, ಒಂದು ಎ4 ಹಾಳೆ, ಕತ್ತರಿ, ಬೇಡವಾದ ಸಿಡಿ, ರಟ್ಟಿನ ಡಬ್ಬಿ, ಕೆಂಪು ಮತ್ತು ನೀಲಿ ಎಲ್‌ಇಡಿ, 3 ವೋಲ್ಟಿನ ಬಿಲ್ಲೆ ಬ್ಯಾಟರಿ, ಕತ್ತಲಲ್ಲಿ ಹೊಳೆಯುವ ಸ್ಟಿಕ್ಕರ್, ಕಡಿಮೆ ಶಕ್ತಿಯ ಕೆಂಪು ಲೇಸರ್ ಪಾಯಿಂಟರ್, ಒಂದು ಕೂದಲು, 64 ನಾಣ್ಯ ಅಥವಾ ಗುಂಡಿಗಳು. ಮಲ್ಟಿಮೀಟರ್ ಇದ್ದರೆ ಒಳ್ಳೆಯದು. ಎರಡು ಎಚ್ಚರಿಕೆ ಮಾತ್ರ ಮರೆಯಬೇಡಿ. ಲೇಸರ್ ಯಾರ ಕಣ್ಣಿಗೂ ಬೀಳಬಾರದು, ಕನ್ನಡಿ ಅಥವಾ ಗಾಜಿಗೆ ತಾಗಿ ತಿರುಗಿ ಬರುವುದೂ ಸೇರಿ. ಬಿಲ್ಲೆ ಬ್ಯಾಟರಿ ಚಿಕ್ಕ ಮಕ್ಕಳ ಕೈಗೆ ಸಿಗಬಾರದು. ನುಂಗಿದರೆ ಜೀವಕ್ಕೇ ಅಪಾಯ.

ಹೆಜ್ಜೆ 1: ಭೂಮಿಯನ್ನು ಸೋಲಿಸಿ

ಮೇಜಿನ ಮೇಲೆ ಗುಂಡುಸೂಜಿ ಇಡಿ. ಮೇಲಿನಿಂದ ಅಯಸ್ಕಾಂತ ತನ್ನಿ. ಸೂಜಿ ಟಕ್ ಎಂದು ಹಾರಿ ಅಂಟಿಕೊಳ್ಳುತ್ತದೆ.

ಏನು ಮಹಾ ಅನ್ನಿಸಬಹುದು. ಆದರೆ ಆ ಸೂಜಿಯನ್ನು ಕೆಳಗೆ ಎಳೆಯುತ್ತಿದ್ದದ್ದು ಇಡೀ ಭೂಮಿ. ಅದರ ತೂಕ 6ರ ಮುಂದೆ 24 ಸೊನ್ನೆ ಹಾಕಿದಷ್ಟು ಕಿಲೋ. ಅಷ್ಟು ದೊಡ್ಡ ಗೋಳ ಸೇರಿ ಎಳೆದರೂ ಬೆರಳ ತುದಿಯಷ್ಟು ಅಯಸ್ಕಾಂತ ಗೆದ್ದಿತು. ಗುರುತ್ವ ಬಲ ಅಷ್ಟು ಬಡಪಾಯಿ. ಹೈಡ್ರೋಜನ್ ಪರಮಾಣುವಿನಲ್ಲಿ ಪ್ರೋಟಾನ್ ಮತ್ತು ಎಲೆಕ್ಟ್ರಾನ್ ನಡುವಿನ ವಿದ್ಯುತ್ ಸೆಳೆತವನ್ನು ಅವೆರಡರ ಗುರುತ್ವದ ಸೆಳೆತಕ್ಕೆ ಹೋಲಿಸಿದರೆ, ವಿದ್ಯುತ್ತಿನದು ಸುಮಾರು 2ರ ಮುಂದೆ 39 ಸೊನ್ನೆ ಹಾಕಿದಷ್ಟು ಪಟ್ಟು ಹೆಚ್ಚು. ಹಾಗಾಗಿ ಪರಮಾಣುವಿನ ಲೆಕ್ಕದಲ್ಲಿ ಗುರುತ್ವವನ್ನು ಯಾರೂ ಸೇರಿಸುವುದೇ ಇಲ್ಲ.

ಮತ್ತೆ ಗ್ರಹ, ನಕ್ಷತ್ರಗಳ ಲೋಕದಲ್ಲಿ ಗುರುತ್ವದ್ದೇ ದರ್ಬಾರು ಯಾಕೆ? ಉತ್ತರಕ್ಕೆ ಅಂಟುಪಟ್ಟಿ ತನ್ನಿ. ಗೇಣುದ್ದದ ಎರಡು ತುಂಡುಗಳನ್ನು ಮೇಜಿಗೆ ಪಕ್ಕಪಕ್ಕ ಅಂಟಿಸಿ, ಸರಕ್ಕನೆ ಕಿತ್ತು, ಹತ್ತಿರ ಹಿಡಿಯಿರಿ. ಒಂದನ್ನೊಂದು ದೂರ ತಳ್ಳುತ್ತವೆ. ಈಗ ಒಂದರ ಬೆನ್ನಿಗೆ ಇನ್ನೊಂದನ್ನು ಅಂಟಿಸಿ, ಜೋಡಿಯನ್ನು ಬೆರಳಿನಿಂದ ಒಮ್ಮೆ ಸವರಿ, ಆಮೇಲೆ ಎರಡನ್ನೂ ಬೇರ್ಪಡಿಸಿ. ಈ ಸಲ ಸೆಳೆಯುತ್ತವೆ. ವಿದ್ಯುತ್ತಿಗೆ ಧನ, ಋಣ ಎಂದು ಎರಡು ಮುಖ. ದೊಡ್ಡ ವಸ್ತುವಿನಲ್ಲಿ ಎರಡೂ ಸಮಸಮ ಇದ್ದು ಒಂದನ್ನೊಂದು ಅಳಿಸಿಬಿಡುತ್ತವೆ. ಗುರುತ್ವಕ್ಕೆ ಸೆಳೆಯುವುದೊಂದೇ ಗೊತ್ತು. ಅದನ್ನು ಅಳಿಸುವವರಿಲ್ಲ, ಕೂಡುತ್ತಾ ಹೋಗುತ್ತದೆ.

ವಿದ್ಯುತ್ತು ಮತ್ತು ಅಯಸ್ಕಾಂತ ಎರಡೂ ಒಂದೇ ಬಲದ ಎರಡು ರೂಪ. ಅದಕ್ಕೆ ವಿದ್ಯುತ್ಕಾಂತೀಯ ಬಲ ಎಂದು ಹೆಸರು. ಒಟ್ಟು ಮೂಲಭೂತ ಬಲಗಳು ನಾಲ್ಕು. ಉಳಿದೆರಡನ್ನು, ಅಂದರೆ ಪ್ರಬಲ ಬಲ ಮತ್ತು ದುರ್ಬಲ ಬಲವನ್ನು, ಕೊನೆಗೆ ನೋಡೋಣ. ಅವು ಪರಮಾಣುವಿನ ಹೊಟ್ಟೆಯೊಳಗಿನವು. ಮೊದಲು ಅಲ್ಲಿಗೆ ತಲುಪಬೇಕು.

ಹೆಜ್ಜೆ 2: ಹಾಳೆ ಕತ್ತರಿಸುತ್ತಾ ಇಳಿಯಿರಿ

ಎ4 ಹಾಳೆಯಿಂದ ಉದ್ದಕ್ಕೆ ಒಂದು ಪಟ್ಟಿ ಕತ್ತರಿಸಿ. ಉದ್ದ 29.7 ಸೆಂಟಿಮೀಟರ್. ಅದನ್ನು ಅರ್ಧ ಮಾಡಿ. ಒಂದು ಅರ್ಧ ಎಸೆದು, ಉಳಿದದ್ದನ್ನು ಮತ್ತೆ ಅರ್ಧ ಮಾಡಿ. ಹೀಗೇ ಎಣಿಸುತ್ತಾ ಹೋಗಿ.

ಎಂಟನೇ ಸಲಕ್ಕೆ 1 ಮಿಲಿಮೀಟರ್ ಆಸುಪಾಸು ಬರುತ್ತದೆ. ಕತ್ತರಿ ಇಲ್ಲಿ ಕೈಕೊಡುತ್ತದೆ. ಮುಂದಿನದು ಮನಸ್ಸಿನಲ್ಲಿ. 12ನೇ ಸಲ, ಕೂದಲಿನ ದಪ್ಪ. 19ನೇ ಸಲ, ಬೆಳಕಿನ ತರಂಗಾಂತರದಷ್ಟು, ಅಂದರೆ ಅದರ ಒಂದು ಅಲೆಯ ಉದ್ದದಷ್ಟು. ಇದಕ್ಕಿಂತ ತುಂಬ ಚಿಕ್ಕದನ್ನು ಸಾಮಾನ್ಯ ಸೂಕ್ಷ್ಮದರ್ಶಕ ಬಿಡಿಬಿಡಿಯಾಗಿ ತೋರಿಸಲಾರದು. 31ನೇ ಸಲ ನಿಮ್ಮ ಕೈಯಲ್ಲಿ ಉಳಿಯುವುದು ಒಂದು ಪರಮಾಣುವಿನಷ್ಟು. ಬರೀ 31! ನಾನು ಮೊದಲ ಸಲ ಲೆಕ್ಕ ಮಾಡಿದಾಗ ಕ್ಯಾಲ್ಕುಲೇಟರ್ ತಪ್ಪು ಒತ್ತಿರಬೇಕು ಎಂದುಕೊಂಡಿದ್ದೆ.

ಇಲ್ಲಿಂದ ಕೆಳಗೆ ವಿಚಿತ್ರ. 32, 33, 34... ಏನೂ ಸಿಗುವುದಿಲ್ಲ. 47ನೇ ಸಲಕ್ಕೆ ಒಂದು ಪ್ರೋಟಾನಿನ ಗಾತ್ರ ಬರುತ್ತದೆ. ನಡುವಿನ 16 ಮೆಟ್ಟಿಲಿನಲ್ಲಿ ನಿಲ್ಲಲು ಏನೂ ಇಲ್ಲ, ಅಥವಾ ಇದ್ದೂ ಇಲ್ಲದಂತಿರುವ ಎಲೆಕ್ಟ್ರಾನ್ ಮಾತ್ರ. ಹೈಡ್ರೋಜನ್ನಿನ ನ್ಯೂಕ್ಲಿಯಸ್ಸನ್ನು (ಪರಮಾಣುವಿನ ನಡುವಿನ ತಿರುಳು, ಇಲ್ಲಿ ಒಂದೇ ಪ್ರೋಟಾನ್) ಗುಂಡುಸೂಜಿಯ ತಲೆಯಷ್ಟು, ಅಂದರೆ 1 ಮಿಲಿಮೀಟರ್ ಮಾಡಿದರೆ, ಇಡೀ ಪರಮಾಣು ಸುಮಾರು 60 ಮೀಟರ್ ಅಗಲ ಆಗುತ್ತದೆ.

ಇದು ಗೊತ್ತಾಗಿದ್ದು ಹೇಗೆ? 1909ರಲ್ಲಿ ಮ್ಯಾಂಚೆಸ್ಟರಿನಲ್ಲಿ ರುದರ್‌ಫರ್ಡ್ ಅವರ ಪ್ರಯೋಗಾಲಯದಲ್ಲಿ ಗೈಗರ್ ಮತ್ತು ಮಾರ್ಸ್‌ಡನ್ ಲೋಹದ ತೆಳು ಹಾಳೆಗೆ ಆಲ್ಫಾ ಕಣಗಳನ್ನು (ಧನ ವಿದ್ಯುತ್ತಿನ, ವೇಗವಾಗಿ ಓಡುವ ಪುಟ್ಟ ಕಣಗಳು) ಹೊಡೆದರು. ಬಹುತೇಕ ಎಲ್ಲವೂ ನೇರ ದಾಟಿ ಹೋದವು. ಸಾವಿರ ಸಾವಿರ ಕಣಗಳಿಗೆ ಎಲ್ಲೋ ಒಂದು ಮಾತ್ರ ಗೋಡೆಗೆ ಬಡಿದ ಚೆಂಡಿನಂತೆ ಹಿಂದಕ್ಕೆ ಬಂತು. 1911ರಲ್ಲಿ ರುದರ್‌ಫರ್ಡ್ ಅದರ ಅರ್ಥ ಹೇಳಿದರು. ಪರಮಾಣುವಿನ ಭಾರವೆಲ್ಲ ನಡುವಿನ ಒಂದು ಚುಕ್ಕಿಯಲ್ಲಿ ಅಡಗಿದೆ. ಆಗ ಮಾರ್ಸ್‌ಡನ್ ಇನ್ನೂ ವಿದ್ಯಾರ್ಥಿ, ಪ್ರಯೋಗ ಮಾಡುವಾಗ ವಯಸ್ಸು 20.

ಹೆಜ್ಜೆ 3: ಇಲ್ಲಿ ನಿಂತು ಸ್ವಲ್ಪ ಗಾಬರಿಯಾಗಿ

ಈ ಹೆಜ್ಜೆಗೆ ಸಾಮಾನು ಬೇಡ, ಯೋಚನೆ ಸಾಕು. ಇದನ್ನು ಮಾತ್ರ ಹಾರಿಸಬೇಡಿ.

ನಡುವೆ ಧನ ವಿದ್ಯುತ್ತಿನ ನ್ಯೂಕ್ಲಿಯಸ್, ಸುತ್ತ ಋಣ ವಿದ್ಯುತ್ತಿನ ಎಲೆಕ್ಟ್ರಾನ್. ಅಂಟುಪಟ್ಟಿ ತೋರಿಸಿದ ಹಾಗೆ ಇವೆರಡೂ ಸೆಳೆಯುತ್ತವೆ. ಹಾಗಾದರೆ ಎಲೆಕ್ಟ್ರಾನ್ ಒಳಗೆ ಬಿದ್ದುಹೋಗಬೇಕಲ್ವಾ? "ಸೂರ್ಯನ ಸುತ್ತ ಭೂಮಿ ಸುತ್ತುವ ಹಾಗೆ ಸುತ್ತುತ್ತದೆ, ಅದಕ್ಕೆ ಬೀಳುವುದಿಲ್ಲ" ಎಂದು ಹೇಳಬಹುದು. ಅದು ನಡೆಯುವುದಿಲ್ಲ. ಸುತ್ತು ತಿರುಗುವ ವಿದ್ಯುತ್ ಕಣ ಬೆಳಕನ್ನು ಚೆಲ್ಲುತ್ತಾ ಶಕ್ತಿ ಕಳೆದುಕೊಳ್ಳುತ್ತದೆ. ಹಳೆಯ ಭೌತಶಾಸ್ತ್ರದ ಪ್ರಕಾರ ಲೆಕ್ಕ ಹಾಕಿದರೆ ಹೈಡ್ರೋಜನ್ ಪರಮಾಣು ಕುಸಿಯಲು ಸೆಕೆಂಡಿನ ಹತ್ತು ಸಾವಿರ ಕೋಟಿಯಲ್ಲಿ ಒಂದೆರಡು ಭಾಗದಷ್ಟು ಹೊತ್ತು ಸಾಕು.

ಅಂದರೆ ಆ ನಿಯಮಗಳ ಪ್ರಕಾರ ನೀವು ಇರಲೇಬಾರದು. ಕುರ್ಚಿಯೂ ಇರಬಾರದು. ಪುಸ್ತಕಗಳಲ್ಲಿ ಈಗಲೂ ಪರಮಾಣುವನ್ನು ಪುಟ್ಟ ಸೌರಮಂಡಲದಂತೆ ಬಿಡಿಸುತ್ತಾರೆ. ಆ ಚಿತ್ರ ನನಗೆ ಮಾಡಿದಷ್ಟು ತೊಂದರೆ ಬೇರೆ ಯಾವ ಚಿತ್ರವೂ ಮಾಡಿಲ್ಲ. ಒಂದು ಕಾಗದದ ಮೇಲೆ ಬಿಡಿಸಿ, ಅಡ್ಡ ಗೀಟು ಹಾಕಿ, ಗೋಡೆಗೆ ಅಂಟಿಸಿಕೊಳ್ಳಿ.

ಹೆಜ್ಜೆ 4: ಪರಮಾಣು ಬಿಡುವ ಬೆಳಕನ್ನು ಬಿಡಿಸಿ ನೋಡಿ

ಕಣ್ಣಿಗೆ ಕಾಣದ ಪರಮಾಣು ಒಂದು ಸುಳಿವು ಮಾತ್ರ ಹೊರಗೆ ಬಿಡುತ್ತದೆ. ಅದು ಬೆಳಕು. ರಟ್ಟಿನ ಡಬ್ಬಿಯ ಒಂದು ಬದಿಗೆ ಸಣ್ಣ ಸೀಳು ಮಾಡಿ, ಅಗಲ ಅರ್ಧ ಮಿಲಿಮೀಟರಿಗಿಂತ ಕಡಿಮೆ ಇರಲಿ. ಎರಡು ರಟ್ಟಿನ ನೇರ ಅಂಚುಗಳನ್ನು ಹತ್ತಿರ ಅಂಟಿಸಿದರೆ ಸೀಳು ಚೆನ್ನಾಗಿ ಬರುತ್ತದೆ. ಎದುರು ಬದಿಯಲ್ಲಿ ಸಿಡಿಯನ್ನು ಓರೆಯಾಗಿ ನಿಲ್ಲಿಸಿ. ಅದರ ಮೇಲುಗಡೆ ಕಣ್ಣಿಡಲು ತೂತು ಮಾಡಿ. ಬೆಳಕು ಸೀಳಿನಿಂದ ಬಂದು ಸಿಡಿಗೆ ಬಿದ್ದು ಬಣ್ಣಬಣ್ಣವಾಗಿ ನಿಮ್ಮ ಕಣ್ಣಿಗೆ ಬರಬೇಕು. ಬರದಿದ್ದರೆ ಸಿಡಿಯ ಓರೆ ಬದಲಿಸುತ್ತಾ ಹೋಗಿ. ಸಿಡಿಯ ಗೀರುಗಳ ನಡುವಿನ ಅಂತರ 1.6 ಮೈಕ್ರೋಮೀಟರ್. ಬೆಳಕನ್ನು ಬಿಡಿಸಲು ಹೇಳಿ ಮಾಡಿಸಿದಂತಿದೆ. ಸೂರ್ಯನ ಕಡೆ ಮಾತ್ರ ಹಿಡಿಯಬೇಡಿ.

ತಂತಿ ಕಾಯುವ ಹಳೆಯ ಬಲ್ಬು ನೋಡಿದರೆ ಕೆಂಪಿನಿಂದ ನೇರಳೆವರೆಗೆ ಒಂದೇ ಸಮನೆ ಹರಡಿದ ಬಣ್ಣ. ಈಗ ಸಿಎಫ್‌ಎಲ್ ದೀಪದ ಕಡೆ ತಿರುಗಿಸಿ. ಬಣ್ಣ ತುಂಡು ತುಂಡಾಗಿ, ಗೆರೆ ಗೆರೆಯಾಗಿ ಕಾಣುತ್ತದೆ. ಅದರಲ್ಲಿ ಎದ್ದು ಕಾಣುವ ಹಸಿರು ಗೆರೆ ಪಾದರಸದ ಪರಮಾಣುವಿನದು, ತರಂಗಾಂತರ 546 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗ). ನಡುವೆ ಕತ್ತಲೆ.

ಇದೇ ಬೀಗದ ಕೈ. ಪರಮಾಣು ಮನಸ್ಸಿಗೆ ಬಂದ ಬಣ್ಣ ಬಿಡುವುದಿಲ್ಲ. ಕೆಲವೇ ಬಣ್ಣ, ಅವೂ ಪ್ರತಿ ಧಾತುವಿಗೆ ಬೇರೆ ಬೇರೆ, ಬೆರಳಚ್ಚಿನ ಹಾಗೆ. ಹೀಲಿಯಂ ಸಿಕ್ಕಿದ್ದೂ ಹೀಗೇ. 1868ರಲ್ಲಿ ಸೂರ್ಯನ ಬೆಳಕಿನಲ್ಲಿ ಯಾರಿಗೂ ಪರಿಚಯವಿಲ್ಲದ ಹಳದಿ ಗೆರೆ ಕಂಡಿತು. ಭೂಮಿಯ ಮೇಲೆ ಆ ಅನಿಲ ಕೈಗೆ ಸಿಕ್ಕಿದ್ದು 1895ರಲ್ಲಿ.

ಗೆರೆಗಳ ಲೆಕ್ಕ ನೀವೇ ಮಾಡಬಹುದು. ಹೈಡ್ರೋಜನ್ನಿನ ಒಳಗೆ ಎಲೆಕ್ಟ್ರಾನ್ ನಿಲ್ಲಬಹುದಾದ ಮೆಟ್ಟಿಲುಗಳಿವೆ ಎಂದು 1913ರಲ್ಲಿ ನೀಲ್ಸ್ ಬೋರ್ ಹೇಳಿದರು. ಮೆಟ್ಟಿಲಿನ ಆಳ ತಿಳಿಯಲು 13.6ನ್ನು ಮೆಟ್ಟಿಲ ಸಂಖ್ಯೆಯ ವರ್ಗದಿಂದ ಭಾಗಿಸಿ. ಎರಡನೆಯದು 13.6 ಭಾಗಿಸು 4, ಅಂದರೆ 3.4. ಮೂರನೆಯದು 13.6 ಭಾಗಿಸು 9, ಅಂದರೆ 1.51. ವ್ಯತ್ಯಾಸ 1.89 ಎಲೆಕ್ಟ್ರಾನ್ ವೋಲ್ಟ್, ಪರಮಾಣು ಲೋಕದಲ್ಲಿ ಶಕ್ತಿ ಅಳೆಯುವುದು ಇದರಲ್ಲೇ. ಮೂರರಿಂದ ಎರಡಕ್ಕೆ ಇಳಿದಾಗ ಇಷ್ಟು ಶಕ್ತಿ ಬೆಳಕಾಗಿ ಹೊರಬರುತ್ತದೆ. 1240ನ್ನು 1.89ರಿಂದ ಭಾಗಿಸಿದರೆ ತರಂಗಾಂತರ 656 ನ್ಯಾನೋಮೀಟರ್. ಹೈಡ್ರೋಜನ್ ದೀಪದಲ್ಲಿ ಕಾಣುವ ಕೆಂಪು ಗೆರೆ ಸರಿಯಾಗಿ ಅಲ್ಲೇ ಇದೆ. ನಾಲ್ಕರಿಂದ ಎರಡಕ್ಕೆ ಇಳಿಯುವುದನ್ನೂ ಮಾಡಿ ನೋಡಿ. 486 ಬರಬೇಕು. ಅದು ನೀಲಿ-ಹಸಿರು ಗೆರೆ.

ಆ 1240 ಎಲ್ಲಿಂದ ಬಂತು ಎಂದು ಕೇಳಿದಿರಾ? ಕೇಳಿದ್ದರೆ ಒಳ್ಳೆಯದು. ಮುಂದಿನ ಹೆಜ್ಜೆ ಅದನ್ನು ಹುಡುಕುವುದೇ.

ಹೆಜ್ಜೆ 5: ಬೆಳಕು ಚಿಲ್ಲರೆಯಾಗಿ ಬರುತ್ತದೆ

ಕತ್ತಲ ಕೋಣೆಯಲ್ಲಿ ಹೊಳೆಯುವ ಸ್ಟಿಕ್ಕರನ್ನು ಅರ್ಧ ಗಂಟೆ ಬಿಡಿ, ಅದರ ಹೊಳಪು ಆರಲಿ. ಕೆಂಪು ಎಲ್‌ಇಡಿಯನ್ನು ಬಿಲ್ಲೆ ಬ್ಯಾಟರಿಗೆ ಸಿಕ್ಕಿಸಿ, ಸ್ಟಿಕ್ಕರಿಗೆ ಒತ್ತಿ ಹಿಡಿದು ಒಂದು ನಿಮಿಷ ಬೆಳಕು ಬಿಡಿ. ತೆಗೆದು ನೋಡಿ. ಏನೂ ಇಲ್ಲ. ಎರಡು ಕೆಂಪು, ನಾಲ್ಕು ಕೆಂಪು ಹಚ್ಚಿ. ಆಗಲೂ ಇಲ್ಲ. ಈಗ ಒಂದೇ ಒಂದು ನೀಲಿ ಎಲ್‌ಇಡಿಯನ್ನು ಐದು ಸೆಕೆಂಡು ಹಿಡಿಯಿರಿ. ಸ್ಟಿಕ್ಕರ್ ಹಸಿರಾಗಿ ಹೊಳೆಯುತ್ತದೆ.

ನನಗೆ ಮೊದಲ ಸಲ ಕೆಂಪಿನಲ್ಲೂ ಹೊಳೆದಂತೆ ಕಂಡಿತ್ತು. ಆಮೇಲೆ ಗೊತ್ತಾಯಿತು, ಬಾಗಿಲ ಸಂದಿಯಿಂದ ಬಿಳಿ ಬೆಳಕು ಬರುತ್ತಿತ್ತು. ಕತ್ತಲೆ ಪೂರ್ತಿ ಇರಲಿ.

ಬೆಳಕು ನೀರಿನಂತೆ ಸತತವಾಗಿ ಹರಿಯುವುದಾಗಿದ್ದರೆ ಜಾಸ್ತಿ ಕೆಂಪು ಸುರಿದಷ್ಟೂ ಸ್ಟಿಕ್ಕರ್ ತುಂಬಬೇಕಿತ್ತು. ತುಂಬಲಿಲ್ಲ. ಬೆಳಕು ಬಿಡಿಬಿಡಿ ಪೊಟ್ಟಣಗಳಾಗಿ ಬರುತ್ತದೆ. ಕೆಂಪಿನ ಒಂದು ಪೊಟ್ಟಣದಲ್ಲಿ ಸುಮಾರು 2 ಎಲೆಕ್ಟ್ರಾನ್ ವೋಲ್ಟ್, ನೀಲಿಯದರಲ್ಲಿ ಸುಮಾರು 2.7. ಸ್ಟಿಕ್ಕರಿನೊಳಗಿನ ಎಲೆಕ್ಟ್ರಾನನ್ನು ಮೇಲಿನ ಮೆಟ್ಟಿಲಿಗೆ ಎತ್ತಲು ಒಂದು ಕೆಂಪು ಪೊಟ್ಟಣ ಸಾಲದು. ಎರಡು ಪೊಟ್ಟಣ ಸೇರಿ ಎತ್ತುವುದು ಇಂಥ ಮಂದ ಬೆಳಕಿನಲ್ಲಿ ನಡೆಯುವುದಿಲ್ಲ. ಮ್ಯಾಕ್ಸ್ ಪ್ಲಾಂಕ್ 1900ರಲ್ಲಿ ಈ ಪೊಟ್ಟಣದ ಲೆಕ್ಕವನ್ನು ಒಲ್ಲದ ಮನಸ್ಸಿನಿಂದ ತಂದರು. 1905ರಲ್ಲಿ ಐನ್‌ಸ್ಟೈನ್ ಅದನ್ನು ನಿಜವೆಂದೇ ಹಿಡಿದು, ಬೆಳಕು ಬಿದ್ದಾಗ ಲೋಹದಿಂದ ಎಲೆಕ್ಟ್ರಾನ್ ಹೊರಬರುವುದನ್ನು ವಿವರಿಸಿದರು. ಅವರಿಗೆ 1921ರ ನೊಬೆಲ್ ಬಂದದ್ದು ಇದಕ್ಕೆ, ಸಾಪೇಕ್ಷತೆಗೆ ಅಲ್ಲ. ಆ ಪೊಟ್ಟಣದ ಹೆಸರು ಫೋಟಾನ್.

ಮಲ್ಟಿಮೀಟರ್ ಇದ್ದವರು ಹೀಗೆ ಮಾಡಿ. ಎಲ್‌ಇಡಿ ಉರಿಯುವಾಗ ಅದರ ಎರಡು ಕಾಲುಗಳ ನಡುವಿನ ವೋಲ್ಟೇಜ್ ಅಳೆಯಿರಿ. ಕೆಂಪಿಗೆ 1.8ರಿಂದ 1.9, ನೀಲಿಗೆ 2.7 ಆಸುಪಾಸು ಬರುತ್ತದೆ. ಅದನ್ನು ತರಂಗಾಂತರದಿಂದ ಗುಣಿಸಿ: ಕೆಂಪಿಗೆ ಸುಮಾರು 630, ನೀಲಿಗೆ ಸುಮಾರು 465 ನ್ಯಾನೋಮೀಟರ್. ಎರಡೂ ಸಲ 1200ರ ಆಚೀಚೆ ಬರುತ್ತದೆ. ಹತ್ತು ಹದಿನೈದು ಶೇಕಡಾ ತಪ್ಪಿದರೆ ಬೇಜಾರು ಬೇಡ, ಎಲ್‌ಇಡಿಯ ಒಳಗೆ ಬೇರೆ ನಷ್ಟಗಳೂ ಇವೆ. ನಿಜವಾದ ಸಂಖ್ಯೆ 1240. ಅದು ಪ್ಲಾಂಕ್ ಸ್ಥಿರಾಂಕವನ್ನು (ಪೊಟ್ಟಣದ ಶಕ್ತಿಯ ಲೆಕ್ಕದಲ್ಲಿ ಬರುವ, ಎಂದೂ ಬದಲಾಗದ ಸಂಖ್ಯೆ) ಬೆಳಕಿನ ವೇಗದಿಂದ ಗುಣಿಸಿದ್ದು, ಅಷ್ಟೇ. ಹೈಡ್ರೋಜನ್ನಿನ ಗೆರೆ ಹೇಳಿದ ಸಂಖ್ಯೆಯನ್ನೇ ಬಿಡಿಗಾಸಿನ ಎಲ್‌ಇಡಿಯೂ ಹೇಳಿತು. ಈ ಕ್ಷಣಕ್ಕಾಗಿಯೇ ಮಲ್ಟಿಮೀಟರ್ ಎರವಲು ತಂದರೂ ನಷ್ಟವಿಲ್ಲ. 2019ರಿಂದ ಕಿಲೋಗ್ರಾಮಿನ ಅಳತೆಯೂ ಈ ಪ್ಲಾಂಕ್ ಸ್ಥಿರಾಂಕದ ಮೇಲೇ ನಿಂತಿದೆ.

ಹೆಜ್ಜೆ 6: ಕೂದಲಿಗೆ ಲೇಸರ್

ಬೆಳಕು ಪೊಟ್ಟಣ ಎಂದು ಒಪ್ಪಿಕೊಂಡಿರಾ? ಈಗ ಅದನ್ನೇ ಕೆಡಿಸೋಣ.

ಲೇಸರನ್ನು ಪುಸ್ತಕಗಳ ನಡುವೆ ಅಲುಗಾಡದಂತೆ ಇಟ್ಟು, 2 ಮೀಟರ್ ದೂರದ ಗೋಡೆಗೆ ಬಿಡಿ. ಲೇಸರಿನ ಬಾಯಿಗೆ ಅಡ್ಡಲಾಗಿ ಒಂದು ಕೂದಲನ್ನು ಬಿಗಿಯಾಗಿ ಅಂಟಿಸಿ. ಗೋಡೆಯ ಮೇಲೆ ಕೂದಲಿನ ನೆರಳು ಬೀಳಬೇಕಿತ್ತು. ಬೀಳುವುದು ಬೆಳಕು, ಕತ್ತಲೆ, ಬೆಳಕು, ಕತ್ತಲೆ ಎಂದು ಉದ್ದಕ್ಕೆ ಸಾಲು. ಕೂದಲಿನ ಎರಡೂ ಪಕ್ಕದಿಂದ ಬಂದ ಅಲೆಗಳು ಒಂದು ಕಡೆ ಕೂಡಿ, ಇನ್ನೊಂದು ಕಡೆ ಕಳೆದು ಹೀಗಾಗುತ್ತದೆ. 1803ರಲ್ಲಿ ಥಾಮಸ್ ಯಂಗ್ ಬಿಸಿಲಿನ ಕಿರಣಕ್ಕೆ ತೆಳು ರಟ್ಟನ್ನು ಅಡ್ಡ ಹಿಡಿದು ಇದನ್ನೇ ತೋರಿಸಿದ್ದರು.

ಪಕ್ಕಪಕ್ಕದ ಎರಡು ಕತ್ತಲ ಪಟ್ಟೆಗಳ ನಡುವಿನ ಅಂತರ ಅಳೆಯಿರಿ. ಲೇಸರಿನ ತರಂಗಾಂತರ 650 ನ್ಯಾನೋಮೀಟರ್ ಎಂದಿಟ್ಟುಕೊಂಡು, ಅದನ್ನು ಗೋಡೆಯ ದೂರದಿಂದ ಗುಣಿಸಿ, ಪಟ್ಟೆಯ ಅಂತರದಿಂದ ಭಾಗಿಸಿದರೆ ಕೂದಲಿನ ದಪ್ಪ ಸಿಗುತ್ತದೆ. ಅಂತರ 1.9 ಸೆಂಟಿಮೀಟರ್ ಬಂದರೆ ಕೂದಲು ಸುಮಾರು 0.07 ಮಿಲಿಮೀಟರ್. ಹಾಳೆಯ 12ನೇ ಮೆಟ್ಟಿಲು ನೆನಪಿದೆ ಅಲ್ವಾ?

ಈಗ ಬೆಳಕನ್ನು ಎಷ್ಟು ಮಂದ ಮಾಡಬಹುದು? 1909ರಲ್ಲಿ ಜೆಫ್ರಿ ಟೇಲರ್ ಕೂದಲಿನ ಬದಲು ಸೂಜಿ ಇಟ್ಟು, ಬೆಳಕನ್ನು ಎಷ್ಟು ಕಡಿಮೆ ಮಾಡಿದರೆಂದರೆ ಒಂದು ಫೋಟೋ ತೆಗೆಯಲು ಸುಮಾರು ಮೂರು ತಿಂಗಳು ಹಿಡಿಯಿತು. ಪಟ್ಟೆಗಳು ಹಾಗೇ ಇದ್ದವು. ಫೋಟಾನುಗಳನ್ನು ಒಂದೊಂದಾಗಿ ಕಳಿಸುವ ಪ್ರಯೋಗಗಳು ಆಮೇಲೆ ಬಂದವು. ಒಂದೊಂದೂ ಒಂದೇ ಚುಕ್ಕಿಯಾಗಿ ಬೀಳುತ್ತದೆ, ಆದರೆ ಸಾವಿರಾರು ಚುಕ್ಕಿ ಸೇರಿದಾಗ ಅದೇ ಪಟ್ಟೆ ಮೂಡುತ್ತದೆ. ಹೊರಡುವಾಗ ಎಲ್ಲಿ ಬೀಳುತ್ತದೆ ಎಂದು ಹೇಳಲಾಗದು, ಎಲ್ಲಿ ಬೀಳುವ ಸಾಧ್ಯತೆ ಹೆಚ್ಚು ಎಂದು ಮಾತ್ರ ಹೇಳಬಹುದು. ಆ ಸಾಧ್ಯತೆ ಅಲೆಯ ಹಾಗೆ ಹರಡುತ್ತದೆ. "ಕಣವೂ ಹೌದು, ತರಂಗವೂ ಹೌದು" ಎನ್ನುವ ಗಿಳಿಪಾಠದ ಹಿಂದೆ ಇರುವುದು ಇಷ್ಟೇ.

ಎಲೆಕ್ಟ್ರಾನ್ ಕೂಡ ಹೀಗೇ. 1924ರಲ್ಲಿ ಲೂಯಿ ದ ಬ್ರಾಯ್ ಹೇಳಿದ್ದನ್ನು 1927ರಲ್ಲಿ ಪ್ರಯೋಗಗಳು ತೋರಿಸಿದವು. ಒಂದು ತಮಾಷೆ ಹೇಳಲೇಬೇಕು. ಎಲೆಕ್ಟ್ರಾನ್ ಎಂಬ ಕಣವನ್ನು 1897ರಲ್ಲಿ ಪತ್ತೆ ಮಾಡಿದವರು ಜೆ. ಜೆ. ಥಾಮ್ಸನ್. ಅದು ಅಲೆಯಂತೆ ನಡೆದುಕೊಳ್ಳುತ್ತದೆ ಎಂದು ತೋರಿಸಿದವರಲ್ಲಿ ಒಬ್ಬರು ಅವರ ಮಗ ಜಾರ್ಜ್ ಥಾಮ್ಸನ್. ಅಪ್ಪನಿಗೂ ನೊಬೆಲ್, ಮಗನಿಗೂ ನೊಬೆಲ್.

ಹೆಜ್ಜೆ 7: ಹಿಡಿದಷ್ಟೂ ಒದ್ದಾಡುತ್ತದೆ

ಅದೇ ಲೇಸರ್ ಮುಂದೆ ಈಗ ಕೂದಲು ತೆಗೆದು, ಎರಡು ರಟ್ಟಿನ ಅಂಚುಗಳ ಸಣ್ಣ ಸಂದಿ ಇಡಿ. ಸಂದಿಯನ್ನು ಮೆಲ್ಲಗೆ ಕಿರಿದು ಮಾಡುತ್ತಾ ಹೋಗಿ. ಗೋಡೆಯ ಮೇಲಿನ ಬೆಳಕು ಕಿರಿದಾಗಬೇಕು ಅನ್ನಿಸುತ್ತದೆ. ಒಂದು ಹಂತ ದಾಟಿದ ಮೇಲೆ ಉಲ್ಟಾ. ಸಂದಿ ಕಿರಿದಾದಷ್ಟೂ ಬೆಳಕು ಅಡ್ಡಡ್ಡ ಹರಡುತ್ತದೆ.

1927ರಲ್ಲಿ ಹೈಸೆನ್‌ಬರ್ಗ್ ಹೇಳಿದ ಅನಿಶ್ಚಿತತಾ ತತ್ವ ಇದೇ. ಕಣ ಇರುವ ಜಾಗವನ್ನು ಬಿಗಿ ಮಾಡಿದಷ್ಟೂ ಅದರ ಓಟ ಸಡಿಲವಾಗುತ್ತದೆ. ಇದನ್ನು ನಮ್ಮ ಉಪಕರಣದ ದೋಷ ಎಂದುಕೊಳ್ಳುವವರಿದ್ದಾರೆ. ಅಲ್ಲ, ಅಲೆಯ ಸ್ವಭಾವವೇ ಹಾಗೆ.

ಇದನ್ನು ಎಲೆಕ್ಟ್ರಾನಿಗೆ ಹಚ್ಚಿ ನೋಡಿ. ನ್ಯೂಕ್ಲಿಯಸ್ ಅದನ್ನು ಒಳಗೆ ಎಳೆಯುತ್ತದೆ. ಒಳಗೆ ಬಂದಷ್ಟೂ ಜಾಗ ಇಕ್ಕಟ್ಟು. ಇಕ್ಕಟ್ಟಾದಷ್ಟೂ ಎಲೆಕ್ಟ್ರಾನಿನ ಒದ್ದಾಟ ಜಾಸ್ತಿ, ಅಂದರೆ ಚಲನೆಯ ಶಕ್ತಿ ಜಾಸ್ತಿ. ಜಾಗ ಅರ್ಧಕ್ಕೆ ಇಳಿದರೆ ಸೆಳೆತದಿಂದ ಸಿಗುವ ಶಕ್ತಿ ಎರಡು ಪಟ್ಟು, ಒದ್ದಾಟಕ್ಕೆ ಬೇಕಾದ ಶಕ್ತಿ ನಾಲ್ಕು ಪಟ್ಟು. ಖರ್ಚು ಯಾವಾಗಲೂ ಆದಾಯಕ್ಕಿಂತ ಬೇಗ ಏರುತ್ತದೆ. ಹಾಗಾಗಿ ಒಂದು ಕಡೆ ಎರಡೂ ಸರಿತೂಗುತ್ತವೆ. ಹೈಡ್ರೋಜನ್ನಿನಲ್ಲಿ ಆ ದೂರ 0.053 ನ್ಯಾನೋಮೀಟರ್. ಅದಕ್ಕಿಂತ ಒಳಗೆ ಎಲೆಕ್ಟ್ರಾನ್ ಕುಗ್ಗುವುದಿಲ್ಲ. ಪರಮಾಣು ಕುಸಿಯುವುದೂ ಇಲ್ಲ.

ಮೆಟ್ಟಿಲುಗಳು ಯಾಕಿವೆ ಎನ್ನುವುದಕ್ಕೂ ಇಲ್ಲೇ ಉತ್ತರ. ಎರಡೂ ತುದಿ ಕಟ್ಟಿದ ತಂತಿಯನ್ನು ಮೀಟಿದರೆ ಕೆಲವೇ ಸ್ವರ ಹೊರಡುತ್ತವೆ. ಕಟ್ಟಿಹಾಕಿದ ಅಲೆ ಯಾವುದಾದರೂ ಹೀಗೇ, ಎಲೆಕ್ಟ್ರಾನಿನ ಅಲೆಯೂ ಸೇರಿ.

ಕುರ್ಚಿಯ ಬಾಕಿ ಇನ್ನೂ ಇದೆ. ಎರಡು ಎಲೆಕ್ಟ್ರಾನುಗಳು ಒಂದೇ ಸ್ಥಿತಿಯಲ್ಲಿ ಇರಲಾರವು ಎಂದು 1925ರಲ್ಲಿ ಪೌಲಿ ಕಂಡುಕೊಂಡರು. ನಿಮ್ಮ ಬಟ್ಟೆಯ ಪರಮಾಣುಗಳನ್ನು ಕುರ್ಚಿಯ ಪರಮಾಣುಗಳ ಜಾಗಕ್ಕೆ ತಳ್ಳಿದರೆ ಅವುಗಳ ಎಲೆಕ್ಟ್ರಾನುಗಳು ಮೇಲಿನ, ದುಬಾರಿ ಮೆಟ್ಟಿಲುಗಳಿಗೆ ಹೋಗಬೇಕು. ನಿಮ್ಮ ತೂಕಕ್ಕೆ ಆ ಬೆಲೆ ಕೊಡುವ ಶಕ್ತಿ ಇಲ್ಲ. ಬರೀ "ಋಣ ಋಣ ತಳ್ಳುತ್ತವೆ, ಅದಕ್ಕೆ" ಎಂದು ಹೇಳುವುದುಂಟು. ಅದು ಅರ್ಧ ಉತ್ತರ. ಪೌಲಿಯ ನಿಯಮವಿಲ್ಲದೆ ಗಟ್ಟಿ ವಸ್ತು ಗಟ್ಟಿಯಾಗಿ ಉಳಿಯುವುದಿಲ್ಲ ಎಂದು ಫ್ರೀಮನ್ ಡೈಸನ್ ಮತ್ತು ಲೆನಾರ್ಡ್ 1960ರ ದಶಕದಲ್ಲಿ ಗಣಿತದಿಂದ ತೋರಿಸಿದರು.

ಹೆಜ್ಜೆ 8: ನೋಡಿದರೆ ಬದಲಾಗುತ್ತದೆ ಅನ್ನುವುದು

ಇದು ಚಿಕ್ಕ ಹೆಜ್ಜೆ. ಪೋಲರೈಸ್ಡ್ (ಒಂದೇ ಓರೆಯಲ್ಲಿ ಅಲುಗುವ ಬೆಳಕನ್ನು ಮಾತ್ರ ಬಿಡುವ) ತಂಪು ಕನ್ನಡಕದ ಎರಡು ಗಾಜು ಬಿಡಿಯಾಗಿ ಇದ್ದರೆ ಸಾಕು. ಎಲ್‌ಸಿಡಿ ಪರದೆಯ ಮುಂದೆ ಒಂದನ್ನು ಹಿಡಿದು ತಿರುಗಿಸಿ, ಪರದೆ ಪೂರ್ತಿ ಕಪ್ಪಾಗುವ ಜಾಗದಲ್ಲಿ ನಿಲ್ಲಿಸಿ. ಈಗ ಇನ್ನೊಂದನ್ನು ಪರದೆಗೂ ಮೊದಲನೆಯದಕ್ಕೂ ನಡುವೆ 45 ಡಿಗ್ರಿ ಓರೆಯಾಗಿ ತೂರಿಸಿ. ಕಪ್ಪಿದ್ದ ಜಾಗ ಬೆಳಗುತ್ತದೆ. ತಡೆಯುವ ಗಾಜು ಇನ್ನೊಂದು ಸೇರಿದರೆ ಬೆಳಕು ಹೆಚ್ಚಾಯಿತು!

ನಡುವಿನ ಗಾಜು ಪ್ರತಿ ಫೋಟಾನಿಗೂ "ನೀನು ಈ ಓರೆಯೋ ಅಲ್ಲವೋ" ಎಂದು ಕೇಳುತ್ತದೆ. ಉತ್ತರ ಕೊಟ್ಟ ಫೋಟಾನ್ ಮೊದಲಿನ ಫೋಟಾನ್ ಆಗಿ ಉಳಿಯುವುದಿಲ್ಲ. ಅಳತೆ ಎಂದರೆ ಇಷ್ಟು. ಮನುಷ್ಯನ ಮನಸ್ಸಿಗೂ ಇದಕ್ಕೂ ಸಂಬಂಧವಿಲ್ಲ, ಗಾಜಿನ ತುಂಡೇ ಆ ಕೆಲಸ ಮಾಡುತ್ತದೆ. "ಕ್ವಾಂಟಂ" ಎಂದು ಹೆಸರು ಹಚ್ಚಿ ಕಾಯಿಲೆ ವಾಸಿ ಮಾಡುತ್ತೇವೆ ಎನ್ನುವವರು ಸಿಕ್ಕಿದರೆ ಈ ಗಾಜನ್ನು ತೋರಿಸಿ, ಸುಮ್ನೆ ಎದ್ದು ಬನ್ನಿ.

ಹೆಜ್ಜೆ 9: ಉಳಿದೆರಡು ಬಲಗಳು

47ನೇ ಮೆಟ್ಟಿಲಿಗೆ ಹೋಗೋಣ. ನ್ಯೂಕ್ಲಿಯಸ್ಸಿನಲ್ಲಿ ಧನ ವಿದ್ಯುತ್ತಿನ ಪ್ರೋಟಾನುಗಳು ಒತ್ತೊತ್ತಾಗಿ ಕೂತಿವೆ. ಒಂದು ಫೆಮ್ಟೋಮೀಟರ್, ಅಂದರೆ ಮಿಲಿಮೀಟರಿನ ಲಕ್ಷ ಕೋಟಿಯಲ್ಲಿ ಒಂದು ಭಾಗದ ದೂರದಲ್ಲಿ, ಎರಡು ಪ್ರೋಟಾನುಗಳ ನಡುವಿನ ತಳ್ಳಾಟ 230 ನ್ಯೂಟನ್. ಅದು 23 ಕಿಲೋ ಮೂಟೆಯ ಭಾರ, ಹೊತ್ತಿರುವುದು ಒಂದೇ ಒಂದು ಪ್ರೋಟಾನ್! ಆದರೂ ಸಿಡಿಯದೆ ಇವೆ. ಅದನ್ನು ಹಿಡಿದಿರುವುದು ಪ್ರಬಲ ಬಲ. ಅದರ ಕೈ ಮಾತ್ರ ಬಹಳ ಗಿಡ್ಡ, ಒಂದೆರಡು ಫೆಮ್ಟೋಮೀಟರ್ ದಾಟಿದರೆ ಸೋತುಹೋಗುತ್ತದೆ. ವಿದ್ಯುತ್ತಿನ ಕೈ ಉದ್ದ. ನ್ಯೂಕ್ಲಿಯಸ್ ದೊಡ್ಡದಾದಂತೆ ತಳ್ಳುವವರು ಎಲ್ಲರೂ, ಹಿಡಿಯುವವರು ಪಕ್ಕದವರು ಮಾತ್ರ ಎಂಬ ಸ್ಥಿತಿ ಬರುತ್ತದೆ. 82 ಪ್ರೋಟಾನುಗಳ ಸೀಸದ ಆಚೆ ನಿಜವಾಗಿ ಸ್ಥಿರವಾದ ಧಾತುವೇ ಇಲ್ಲ. 83ನೆಯದಾದ ಬಿಸ್ಮತ್ ಕೂಡ ಅತಿ ನಿಧಾನವಾಗಿ ಒಡೆಯುತ್ತದೆ ಎಂದು ಗೊತ್ತಾಗಿದ್ದು 2003ರಲ್ಲಿ.

ಇನ್ನೊಂದು ಮಾತು. ಪ್ರೋಟಾನಿನೊಳಗೆ ಕ್ವಾರ್ಕ್ ಎಂಬ ಇನ್ನೂ ಚಿಕ್ಕ ಕಣಗಳು ಮೂರಿವೆ. ಅವುಗಳ ಸ್ವಂತ ತೂಕ ಕೂಡಿದರೆ ಪ್ರೋಟಾನಿನ ತೂಕದ ಸುಮಾರು ನೂರಕ್ಕೆ ಒಂದು ಭಾಗ. ಉಳಿದದ್ದು ಅವು ಓಡಾಡುವ ಮತ್ತು ಪ್ರಬಲ ಬಲ ಅವನ್ನು ಕಟ್ಟಿಹಾಕಿರುವ ಶಕ್ತಿ. ತೂಕದ ಯಂತ್ರದ ಮೇಲೆ ನಿಂತಾಗ ನೀವು ಹೆಚ್ಚಾಗಿ ತೂಗುವುದು ಅದನ್ನೇ.

ದುರ್ಬಲ ಬಲ ತಳ್ಳುವುದೂ ಎಳೆಯುವುದೂ ನಮ್ಮ ಗಮನಕ್ಕೆ ಬರುವುದಿಲ್ಲ. ಅದರ ಕಸುಬು ವೇಷ ಬದಲಿಸುವುದು. ನ್ಯೂಟ್ರಾನ್ (ನ್ಯೂಕ್ಲಿಯಸ್ಸಿನಲ್ಲಿ ಪ್ರೋಟಾನ್ ಜೊತೆಗಿರುವ, ವಿದ್ಯುತ್ತಿಲ್ಲದ ಕಣ) ಪ್ರೋಟಾನ್ ಆಗುತ್ತದೆ, ಜೊತೆಗೆ ಒಂದು ಎಲೆಕ್ಟ್ರಾನ್ ಮತ್ತು ಆಂಟಿನ್ಯೂಟ್ರಿನೋ ಎಂಬ ಒಂದು ಅತಿ ಹಗುರ ಕಣ ಹೊರಬೀಳುತ್ತವೆ. ಸೂರ್ಯನಲ್ಲಿ ಎರಡು ಪ್ರೋಟಾನ್ ಸೇರುವಾಗ ಒಂದು ನ್ಯೂಟ್ರಾನ್ ಆಗಬೇಕು. ಅದು ಈ ಬಲದ ಕೆಲಸ. ಬಲ ಇಷ್ಟು ಮಂದವಾಗಿರುವುದರಿಂದಲೇ ಸೂರ್ಯ ಒಮ್ಮೆಲೇ ಸ್ಫೋಟಿಸದೆ ನೂರಾರು ಕೋಟಿ ವರ್ಷ ಉರಿಯುತ್ತಿದ್ದಾನೆ. ಈ ಬಲವನ್ನು ಹೊತ್ತೊಯ್ಯುವ ಡಬ್ಲ್ಯೂ ಮತ್ತು ಝಡ್ ಕಣಗಳು 1983ರಲ್ಲಿ ಸರ್ನ್ ಪ್ರಯೋಗಾಲಯದಲ್ಲಿ ಸಿಕ್ಕವು.

ಇದನ್ನು ಮನೆಯಲ್ಲಿ ನೋಡಲಾಗದು, ಆದರೆ ಆಡಬಹುದು. 64 ನಾಣ್ಯಗಳನ್ನು ಡಬ್ಬಿಯಲ್ಲಿ ಕುಲುಕಿ ಸುರಿಯಿರಿ. ತಲೆಯ ಬದಿ ಮೇಲಾಗಿ ಬಿದ್ದವು ಒಡೆದ ನ್ಯೂಕ್ಲಿಯಸ್ಸುಗಳು, ತೆಗೆದಿಡಿ. ಗುಂಡಿಗಳಾದರೆ ಒಂದು ಬದಿಗೆ ಬಣ್ಣದ ಗುರುತು ಹಾಕಿಕೊಳ್ಳಿ. ಉಳಿದದ್ದನ್ನು ಮತ್ತೆ ಕುಲುಕಿ. ಪ್ರತಿ ಸಲ ಎಷ್ಟು ಉಳಿದವು ಎಂದು ಬರೆಯುತ್ತಾ ಹೋಗಿ. 32ರ ಹತ್ತಿರ, 16ರ ಹತ್ತಿರ, 8ರ ಹತ್ತಿರ. ಒಂದು ಕುಲುಕಾಟ ಎಂದರೆ ಒಂದು ಅರ್ಧಾಯು, ಅಂದರೆ ಗುಂಪಿನ ಅರ್ಧದಷ್ಟು ಒಡೆಯಲು ಬೇಕಾದ ಹೊತ್ತು. ಒಂಟಿ ನ್ಯೂಟ್ರಾನುಗಳಿಗೆ ಅದು ಸುಮಾರು 10 ನಿಮಿಷ. ಗುಂಪು ದೊಡ್ಡದಿದ್ದಾಗ ಲೆಕ್ಕ ಕರಾರುವಾಕ್ಕು. ಕೊನೆಗೆ ಒಂದೇ ನಾಣ್ಯ ಉಳಿದಾಗ ಮಾತ್ರ ಲೆಕ್ಕ ಕೈಬಿಡುತ್ತದೆ. ನನ್ನದು ಒಮ್ಮೆ ಒಂಬತ್ತು ಸುತ್ತು ಬೀಳದೆ ಉಳಿದಿತ್ತು.